ಬಂದೂಕಿನ ಕಟ್ಟಿಗೆ

ಇದು ನಡೆದದ್ದು ಹೀಗೆಯೇ ಎಂದು ನಾನು ಆಣೆ ಮಾಡಿ ಹೇಳಲಾರೆ. ಅಗಸೆ ಎಣ್ಣೆಯ ವಾಸನೆ ಬಂದರೆ ಶಿಗ್ಗಾಂವ ಬದಿಯ ನಮ್ಮ ಮನೆಯ ಪಡಸಾಲೆ ಕಣ್ಣೆದುರು ನಿಲ್ಲುತ್ತದೆ. ಅಷ್ಟು ಮಾತ್ರ ನಿಜ. ಉಳಿದದ್ದರಲ್ಲಿ ಕಂಡದ್ದೆಷ್ಟು, ಧಾರವಾಡದಲ್ಲಿ ಓದುವಾಗ ನಾನೇ ಕಟ್ಟಿಕೊಂಡದ್ದೆಷ್ಟು, ತಿಳಿಯದು. ಐವತ್ತರ ದಶಕದ ಕೊನೆ, ನನಗೆ ಎಂಟು ವರ್ಷ. ಪಡಸಾಲೆಯ ಗೂಟಕ್ಕೆ ಮುತ್ತಜ್ಜನ ರೈಫಲ್ಲು ತೂಗುತ್ತಿತ್ತು. ಭುಜಕ್ಕೆ ಆನಿಸುವ ಅದರ ಮರದ ಭಾಗದಲ್ಲಿ ಕಾರಖಾನೆಯವರು ಒತ್ತಿದ ಇಂಗ್ಲಿಷ್ ಅಕ್ಷರಗಳಿದ್ದವು. ಓದಲು ಬಾರದ ಅಜ್ಜ ಬಂದವರ ಬೆರಳು ಹಿಡಿದು ಅವನ್ನು ಮುಟ್ಟಿಸುತ್ತಿದ್ದ.

ಆ ವರ್ಷ ಮಹಾನವಮಿ ಕಳೆದ ಮೇಲೆ ಆಡೂರಿನ ಬೀಗರು ಬಂದರು. ಅಕ್ಷರಗಳಿದ್ದ ಜಾಗದಲ್ಲಿ ಬೆರಳಾಡಿಸಿ ನಕ್ಕರು. “ಏನ್ ಗೌಡ್ರ, ಅಕ್ಷರಾನ ಇಲ್ಲಲ್ರಿ ಇಲ್ಲೆ! ಇದು ನಿಮ್ಮಪ್ಪನ ಬಂದೂಕೋ, ಮೊನ್ನೆ ಸವಣೂರ ಸಂತ್ಯಾಗ ತಂದದ್ದೋ?” ಅಜ್ಜನ ಮುಖ ಕಪ್ಪಿಟ್ಟಿತು. ಬಡಿಗೇರ ಮಾನಪ್ಪನಿಗೆ ಕರೆ ಹೋಯಿತು. ಕಟ್ಟಿಗೆಯ ವಿಷಯದಲ್ಲಿ ಊರಿಗೆ ಅವನ ಮಾತೇ ಕೊನೆ. ಏನೂ ಆಗಿಲ್ಲ ಎಂದು ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಅವನು ರೈಫಲ್ಲನ್ನು ಬಿಸಿಲಿಗೆ ಹಿಡಿದು, ಕಬ್ಬಿಣವೂ ಮರವೂ ಕೂಡುವಲ್ಲಿ ಉಗುರು ಎಳೆದ.

“ಕಟ್ಟಿಗಿ ಹಳೇದ ಐತ್ರಿ, ಮ್ಯಾಲಿನ ಮೈ ಹಳೇದಲ್ಲ. ತಿಕ್ಕದಿದ್ದ ಕಟ್ಟಿಗಿ ಕಬ್ಬಿಣಕ್ಕಿಂತ ಕೂದಲೆಳಿಯಷ್ಟು ಮ್ಯಾಲೆ ಇರ್ತೈತಿ. ಇಲ್ಲೆ ಕೆಳಗ ಇಳದೈತಿ. ಅಕ್ಷರದ ಅಂಚೂ ಉಳದಿಲ್ಲ. ಯಾರೋ ತಿಕ್ಕಿ ಎಣ್ಣಿ ಬಳದಾರ್ರಿ.”

“ನನ್ನ ಬಿಟ್ಟು ಇದನ್ನ ಮುಟ್ಟಿದಾಂವ ಯಾರೋ?” ಎಂದ ಅಜ್ಜ.

“ನಾನ್ರಿ. ಹೋದ ವರ್ಷ ಸ್ಕ್ರೂ ಬಿಗಿ ಮಾಡಿಕೊಟ್ಟಿದ್ನಿ.”

“ಕೇಳಿದ್ರ್ಯಾ? ಕಳ್ಳ ತಾನ ಬಾಯಿ ಬಿಟ್ಟ!” ಬೀಗರು ಹೊಟ್ಟೆ ಹಿಡಿದು ನಕ್ಕರು.

ತಿಕ್ಕಿದವಳು ಗಂಗತ್ತಿ. ಅಪ್ಪನ ಅಕ್ಕ, ಗಂಡ ಸತ್ತು ತವರಿಗೆ ಬಂದವಳು. ಪ್ರತಿ ಮಹಾನವಮಿಗೆ ಆಯುಧಗಳನ್ನು ಪೂಜೆಗಿಡುವ ಮುಂಚೆ, ಗಂಡಸರು ಹೊಲದಲ್ಲಿರುವಾಗ, ಕುಡಗೋಲು, ಹಿತ್ತಾಳೆ ಕೊಡಗಳ ಜೊತೆಗೆ ರೈಫಲ್ಲನ್ನೂ ಇಟ್ಟಂಗಿ ಪುಡಿ, ತೆಂಗಿನ ನಾರಿನಿಂದ ಉಜ್ಜಿ ತೊಳೆದು ಅಗಸೆ ಎಣ್ಣೆ ಸವರುತ್ತಿದ್ದಳು. ದೇವರ ಮುಂದೆ ಕೊಳೆಯ ವಸ್ತು ಇಡಬಾರದು, ಅಷ್ಟೇ ಅವಳಿಗೆ ಗೊತ್ತಿದ್ದದ್ದು. ನಳಿಗೆ ಹಿಡಿದು ಕೂರುತ್ತಿದ್ದವನು ನಾನು.

ಅಜ್ಜ ನನ್ನತ್ತ ತಿರುಗಿದ. “ತಮ್ಮಾ, ಮತ್ತ ಯಾರರ ಮುಟ್ಟಿದ್ರೇನು?” ಅತ್ತಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ಕಣ್ಸನ್ನೆ ಮಾಡಿದ್ದಳೇ? ಮಾಡಿದ್ದಳೆಂದು ಬಹಳ ವರ್ಷ ನಂಬಿದ್ದೆ; ಈಗ ಆ ನಂಬಿಕೆ ನನಗೆ ತೀರ ಅನುಕೂಲದ್ದಾಗಿ ಕಾಣುತ್ತದೆ. ಮಾನಪ್ಪ ನನ್ನನ್ನೇ ನೋಡುತ್ತಿದ್ದ. ಅಜ್ಜ ಅವನ ಬಾಚಿ, ಉಳಿ, ಗರಗಸಗಳ ಚೀಲವನ್ನು ಅವನ ಕೈಯಿಂದಲೇ ಬಾವಿಗೆ ಹಾಕಿಸಿದ. ಯಾರೂ ಅವನಿಗೆ ಕೆಲಸ ಕೊಡಬಾರದೆಂದು ಡಂಗುರ ಹೊಡೆಸಿದ. ಸಂಜೆ ಅತ್ತಿ ನನ್ನ ಕೈಗೆ ಬೆಲ್ಲದ ದೊಡ್ಡ ಹೆಂಟೆ ಕೊಟ್ಟಳು. ತಿಂದೆ. ಬಹಳ ಸಿಹಿಯಾಗಿತ್ತು.

ಈಗ ಆ ಪಡಸಾಲೆಯಿಲ್ಲ, ಅತ್ತಿಯಿಲ್ಲ. ಅಜ್ಜ ಸತ್ತ ಮೇಲೆ ರೈಫಲ್ಲು ಸರಕಾರಕ್ಕೆ ಹೋಯಿತು. ಉಗುರು ಎಳೆದು ನೋಡೋಣವೆಂದರೆ ಅದೂ ಇಲ್ಲ. “ಮಾನಪ್ಪನ್ನ ಯಾರೂ ಓಡಿಸಲಿಲ್ಲ, ಎರಡು ವರ್ಷ ಇದ್ದು ತಾನ ಹಿರೇಕೆರೂರಿಗೆ ಹ್ವಾದ” ಎಂದು ಮನೆಯವರು ಹೇಳುತ್ತ ಬಂದರು. ನಾನೂ ಹಾಗೆಯೇ ನೆನಪಿಟ್ಟುಕೊಂಡಿದ್ದೆ. ಅವನ ಮಗಳು ಕಾಳವ್ವ ಮೂರನೆಯ ಇಯತ್ತೆಯಲ್ಲಿ ನನ್ನ ಜೊತೆಗಿದ್ದಳು. ಮೊನ್ನೆ ಶಾಲೆಗೆ ಹೋಗಿ ಹಳೆಯ ಹಾಜರಿ ಪುಸ್ತಕ ತೆಗೆಸಿ ನೋಡಿದೆ. ಆ ವರ್ಷದ ಮಹಾನವಮಿ ರಜೆ ಮುಗಿದ ಎಂಟನೆಯ ದಿನ ಅವಳ ಹೆಸರಿನ ಮೇಲೆ ಕೆಂಪು ಗೆರೆ ಬಿದ್ದಿದೆ. ಎದುರಿಗೆ, ‘ಊರು ಬಿಟ್ಟಿದ್ದಾರೆ.’