ರೇಡಿಯೇಟರ್ ಅಂಗಡಿಯ ಸೊಸೆ

ಆ ಬೀದಿಯಲ್ಲಿ ಮನೆಗೊಬ್ಬರಂತೆ ಸೊಸೆಯಂದಿರಿದ್ದರು. ಆದರೂ ಬಸ್ಸಿಳಿದು 'ಸೊಸೆ ಎಲ್ಲಿ?' ಎಂದು ಕೇಳಿದರೆ, ಯಾರ ಸೊಸೆ ಎಂದು ಯಾರೂ ತಿರುಗಿ ಕೇಳುತ್ತಿರಲಿಲ್ಲ. ಟೈರ್ ಅಂಗಡಿಯ ಪಕ್ಕದ ತಗಡಿನ ಶೆಡ್ಡಿನತ್ತ ಕೈ ತೋರಿಸುತ್ತಿದ್ದರು. ಅಲ್ಲಿ ಕೂತು, ಗಾಡಿಗಳ ಎಂಜಿನ್ ತಣಿಸುವ ರೇಡಿಯೇಟರ್‌ಗಳ ತೂತು ಮುಚ್ಚುವವಳು ಅವಳು.

ಅಂಗಡಿ ಮಾವನದು. ಗಂಡನಿಗೆ ಬೆಸುಗೆಯ ಹೊಗೆ ಆಗಿಬರುತ್ತಿರಲಿಲ್ಲ, ಲಾರಿ ಹತ್ತಿ ಊರೂರು ಸುತ್ತುತ್ತಿದ್ದ. ಮಾವನ ಕಣ್ಣು ಮಂಜಾಗತೊಡಗಿದ ಕಾಲಕ್ಕೆ ಊಟದ ಡಬ್ಬಿ ತಂದವಳು ಅಲ್ಲೇ ನಿಂತು, ಬಲಗಡೆ ಇನ್ನೊಂದು ತೂತಿದೆ, ಕೆಳಗಡೆ ಒಂದು ಬಿರುಕಿದೆ ಎಂದು ತೋರಿಸುತ್ತಿದ್ದಳು. ಹೀಗೆ ಅವರ ಕಣ್ಣಾದವಳು ಎರಡು ವರ್ಷದಲ್ಲಿ ಕೈಯೂ ಆದಳು. ಮಾವನ ಪಾಲಿಗೆ ಉಳಿದದ್ದು ಬಾಗಿಲ ಪಕ್ಕದ ಬೆಂಚು ಮತ್ತು ಬಾಯಿ. ಆ ಬಾಯಿಗೆ ಹನ್ನೊಂದು ವರ್ಷದಲ್ಲಿ ಅವಳು ಎದುರಾಡಿದವಳಲ್ಲ. ಹೆದರಿಕೆಯೇನಲ್ಲ, ಅವರು ಹೇಳಿದ್ದು ತಪ್ಪಿದ್ದೇ ಕಡಿಮೆ.

ಒಂದು ಬೆಳಿಗ್ಗೆ ಭೂಗೋಳದ ಮೇಷ್ಟ್ರ ಕಾರು ಬಂದು ನಿಂತಿತು. ಮೇಷ್ಟ್ರು ನಿವೃತ್ತರು, ಕೆನೆಬಣ್ಣದ ಕಾರು ಅವರ ತಂದೆಯ ಕಾಲದ್ದು. ಅದರ ಮೈ ಒರೆಸಲು ಅವರು ತಮ್ಮ ಹಳೆಯ ಬನಿಯನ್ನುಗಳನ್ನೇ ಬಳಸುತ್ತಿದ್ದರು, ಬೇರೆ ಬಟ್ಟೆ ಒರಟಂತೆ. ಹಿಂದಿನ ಸೀಟಿನಲ್ಲಿ ಅವರ ಅಕ್ಕ, ತೊಡೆಯ ಮೇಲೆ ಚೀಲ ಹಿಡಿದು, ಯಾವ ಕ್ಷಣದಲ್ಲಾದರೂ ಇಳಿದು ನಡೆಯಬೇಕಾದೀತು ಎಂಬಂತೆ ತುದಿಯಲ್ಲಿ ಕೂತಿದ್ದರು.

ಕಾರು ಪೇಟೆಯೊಳಗೆ ತಣ್ಣಗಿರುತ್ತಿತ್ತು. ಹೆದ್ದಾರಿ ಸೇರಿ ವೇಗ ಹಿಡಿದರೆ, ಏರು ಹತ್ತಿದರೆ, ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಹೋಗಿ ಕೂರುತ್ತಿತ್ತು. ಗುಡ್ಡದ ಮೇಲೆ ಅಕ್ಕನ ಗೆಳತಿಯ ಮನೆಯಿತ್ತು. ಆರು ತಿಂಗಳಲ್ಲಿ ಐದು ಸಲ ಹೊರಟು ಐದು ಸಲವೂ ಅರ್ಧ ದಾರಿಯಿಂದ ವಾಪಸು. ಮೂವರು ಮೆಕ್ಯಾನಿಕ್‌ಗಳು ಫ್ಯಾನಿನ ಬೆಲ್ಟು, ನೀರಿನ ಪಂಪು, ಥರ್ಮೋಸ್ಟಾಟು ಎಲ್ಲ ಬದಲಾಯಿಸಿದ್ದರು.

"ಈ ಕಾರಲ್ಲಿ ಹಳೇದು ಅಂತ ಉಳಿದಿರೋದು ನಾನೊಬ್ಬನೇ" ಎಂದರು ಮೇಷ್ಟ್ರು.

ಮಾವ ಬೆಂಚಿನಿಂದಲೇ ತೀರ್ಪು ಕೊಟ್ಟರು. "ನಿಧಾನಕ್ಕೆ ಹೋದ್ರೆ ಬಿಸಿಯಾಗಲ್ಲ, ಓಡಿಸಿದ್ರೆ ಆಗುತ್ತೆ. ಅಂದ್ರೆ ನೀರು ಸಾಕಷ್ಟು ಹರೀತಿಲ್ಲ. ರೇಡಿಯೇಟರ್ ಒಳಗೆ ಕೊಳೆ ಕಟ್ಟಿದೆ. ಇಳಿಸಮ್ಮ."

ಎಂಜಿನ್ ಆರಿದ ಮೇಲೆ ಸೊಸೆ ರೇಡಿಯೇಟರ್ ಇಳಿಸಿ, ನಲ್ಲಿಯ ನೀರನ್ನು ಮೇಲಿನ ಬಾಯಿಗೆ ಬಿಟ್ಟಳು. ನೀರು ಸುರಿದಷ್ಟೇ ಜೋರಾಗಿ ಕೆಳಗಿನ ಬಾಯಿಂದ ಹೊರಬಿತ್ತು. ತಿರುಗಿಸಿ ಬಿಟ್ಟಳು, ಹಾಗೆಯೇ. ಕಟ್ಟಿಲ್ಲ ಎಂದು ಹೇಳಿದರೆ ಮಾವ ಒಪ್ಪಲಿಲ್ಲ. ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿ ಒಳಗೆ ಕಡ್ಡಿ ಆಡಿಸು ಎಂದರು. ಅದು ಒಂದು ದಿನದ ಕೆಲಸ. ಅವಳು ಬೆಸುಗೆಯ ಉರಿ ಹಚ್ಚಲು ಬೆಂಕಿಪೊಟ್ಟಣ ಕೈಗೆತ್ತಿಕೊಂಡಳು, ಹಾಗೇ ಕೆಳಗಿಟ್ಟಳು.

"ಬಿಡಿಸಲ್ಲ ಮಾವ. ಕಟ್ಟಿಲ್ಲದ್ದನ್ನ ಬಿಡಿಸಿ ಏನು ನೋಡ್ಲಿ?"

ಟೈರ್ ಅಂಗಡಿಯವನ ಸುತ್ತಿಗೆ ಕೂಡ ಒಂದು ಗಳಿಗೆ ನಿಂತಂತಾಯಿತು. ಮಾವ ಮುಖವನ್ನು ಬೀದಿಯ ಕಡೆ ತಿರುಗಿಸಿದರು. ಮಾತು ಹೊರಟ ಬಾಣ. ಅವಳು ಮೇಷ್ಟ್ರ ಕಡೆ ತಿರುಗಿ, ಮುಳ್ಳು ಏರಿದಾಗ ಏನು ಮಾಡುತ್ತೀರಿ ಎಂದು ಬಿಡಿಸಿ ಬಿಡಿಸಿ ಕೇಳಿದಳು. ಮೇಷ್ಟ್ರು ಜೋಪಾನದ ಆಸಾಮಿ. ವೇಗ ಇಳಿಸಿ, ಬದಿಗೆ ನಿಲ್ಲಿಸಿ, ಎಂಜಿನ್ ಮೆಲ್ಲಗಾದ ಮೇಲೇ ಬಾನೆಟ್ ಎತ್ತುತ್ತಿದ್ದರು. ಮೆಕ್ಯಾನಿಕ್‌ಗಳು ನೋಡಿದ್ದೂ ಹಾಗೆಯೇ. ನಿಂತವನ ಉಸಿರು ನೋಡಿ ಓಡುವವನ ದಮ್ಮು ಹೇಳಿದ ಹಾಗಾಯಿತು ಎಂದುಕೊಂಡಳು ಸೊಸೆ.

ರೇಡಿಯೇಟರ್ ಮತ್ತೆ ಕೂರಿಸಿ, ನೀರು ತುಂಬಿ, ಎಂಜಿನ್ ಕಾಯುವವರೆಗೆ ಬಿಟ್ಟು, ಬಾನೆಟ್ ತೆರೆದೇ ಆಕ್ಸಿಲರೇಟರ್ ಒತ್ತಲು ಮೇಷ್ಟ್ರಿಗೆ ಹೇಳಿದಳು. ಅವರು ಮಲಗಿದ ಬೆಕ್ಕನ್ನು ಮುಟ್ಟುವಷ್ಟು ಮೆತ್ತಗೆ ಒತ್ತಿದರು. ಇನ್ನೂ ಜೋರಾಗಿ ಎಂದರೆ, ಅದಕ್ಕೆ ನೋವಾಗುತ್ತದೆ ಎಂದರು.

ಹಿಂದಿನ ಬಾಗಿಲು ತೆರೆದು ಅಕ್ಕ ಇಳಿದರು. "ನೀನು ಈ ಕಡೆ ಬಾ" ಎಂದು ತಮ್ಮನನ್ನು ಎಬ್ಬಿಸಿದರು. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು ಅವರದು. ಗೇರು ನ್ಯೂಟ್ರಲ್‌ನಲ್ಲಿದೆಯೇ, ಹ್ಯಾಂಡ್‌ಬ್ರೇಕ್ ಎಳೆದಿದೆಯೇ ಎಂದು ಸೊಸೆ ನೋಡಿಕೊಂಡಳೋ ಇಲ್ಲವೋ, ಅಕ್ಕ ಐದು ವಾಪಸಾತಿಗಳ ಸಿಟ್ಟನ್ನೂ ಸೇರಿಸಿ ತುಳಿದರು. ಎಂಜಿನ್ ಗರ್ಜಿಸಿತು. ರೇಡಿಯೇಟರಿನಿಂದ ಪಂಪಿಗೆ ಹೋಗುವ ಕೆಳಗಿನ ರಬ್ಬರ್ ಪೈಪು, ಹಲ್ಲಿಲ್ಲದ ಅಜ್ಜಿಯ ಕೆನ್ನೆಯಂತೆ ಒಳಕ್ಕೆ ಹೋಗಿ ಚಪ್ಪಟೆಯಾಯಿತು. ಕಾಲು ತೆಗೆದರು, ಪೈಪು ಏನೂ ಅರಿಯದ ಪಾಪದವರಂತೆ ಮತ್ತೆ ದುಂಡಗಾಯಿತು.

ಸೊಸೆ ಓಡಿಹೋಗಿ ಮಾವನನ್ನು ಕೈಹಿಡಿದು ಕರೆತಂದಳು. ಅವರ ಕೈಗೆ ದಪ್ಪ ಗೋಣಿಬಟ್ಟೆ ಸುತ್ತಿ, ಫ್ಯಾನಿನಿಂದ ದೂರ ಹಿಡಿದು, ಪೈಪಿನ ಮೇಲೆ ಇಟ್ಟಳು. ಅಕ್ಕ ಮತ್ತೊಮ್ಮೆ ತುಳಿದರು. ಮಾವನ ಮುಖದಲ್ಲಿ ಮೊದಲು ಗಂಟು ಕಟ್ಟಿತು, ಆಮೇಲೆ ಬಿಚ್ಚಿತು. ಅವರು ನಕ್ಕುಬಿಟ್ಟರು.

"ಒಳಗೆ ಸುರುಳಿ ಇಲ್ಲ ಕಣಮ್ಮ. ಈ ಪೈಪಿನೊಳಗೆ ತಂತಿ ಸುರುಳಿ ಇರ್ಬೇಕು, ಪಂಪು ಎಳೆದಾಗ ಕುಗ್ಗದ ಹಾಗೆ."

ಆಗ ಮೇಷ್ಟ್ರಿಗೆ ನೆನಪಾಯಿತು: ಏಳೆಂಟು ತಿಂಗಳ ಹಿಂದೆ ಸೋರುತ್ತಿದೆ ಎಂದು ಅದೊಂದು ಪೈಪು ಬದಲಾಯಿಸಿದ್ದರು. ಹಳೆಯ ಪೈಪಿನ ಜೊತೆ ಸುರುಳಿಯೂ ಕಸಕ್ಕೆ ಹೋಗಿತ್ತು. ಹೊಸ ಪೈಪು, ಅದರ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ.

ಮಾವ ಹೇಳಿದ ಅಳತೆಯ ಸುರುಳಿಯನ್ನು ಸೊಸೆ ಪೇಟೆಯಿಂದ ಹುಡುಕಿ ತಂದು ಒಳಗೆ ಸೇರಿಸಿದಳು. ಪರೀಕ್ಷೆಗೆ ಗುಡ್ಡವೇ ಸರಿ ಎಂದು ಅಕ್ಕ ಹಟ ಹಿಡಿದರು. ಹಾಡುಹಗಲೇ ಅಂಗಡಿಗೆ ಬೀಗ ಹಾಕಿ ನಾಲ್ವರೂ ಹೊರಟರು. ಮಾವ ಪ್ರತಿ ತಿರುವಿನಲ್ಲೂ ಮುಳ್ಳು ಎಲ್ಲಿದೆ ಎಂದು ಕೇಳಿದರು. ನಡುವೆಯೇ ಇದೆ ಎಂದು ಸೊಸೆ ಹೇಳಿದಳು. ಗುಡ್ಡದ ಮೇಲಿನ ಗೆಳತಿ ಕಾರಿನ ಸದ್ದು ಕೇಳಿ ಹೊರಗೆ ಬಂದವರು, ಯಾವಾಗಲೂ ಹಿಂದೆಯೇ ಕೂರುತ್ತಿದ್ದ ಅಕ್ಕ ಮೇಷ್ಟ್ರ ಪಕ್ಕದ ಮುಂದಿನ ಸೀಟಿನಿಂದ ಇಳಿಯುವುದನ್ನು ನೋಡಿ ಗೇಟು ತೆರೆಯುವುದನ್ನೇ ಮರೆತು ನಿಂತರು. ಮರುವಾರ ಅಕ್ಕ ಡ್ರೈವಿಂಗ್ ಶಾಲೆ ಸೇರಿದರೆಂದು ಸುದ್ದಿ ಬಂತು. ಮೇಷ್ಟ್ರು ಅನ್ನನೀರು ಬಿಟ್ಟರೆಂದೂ ಬಂತು, ಅದು ಸುಳ್ಳು.

ಗುಡ್ಡಕ್ಕೆ ಹೋಗಿಬಂದ ಮರುದಿನ ಯಾರೋ ಟ್ರ್ಯಾಕ್ಟರಿನ ರೇಡಿಯೇಟರ್ ಹೊತ್ತು ತಂದರು. ಮಾವ ಎಂದಿನಂತೆ ಬಾಯಿ ತೆರೆದವರು ತಡೆದು, "ನೀನೇ ಮೊದಲು ನೋಡಮ್ಮ, ಆಮೇಲೆ ನಾನು ಹೇಳ್ತೀನಿ" ಎಂದರು. ಸೊಸೆಗೆ ಹಿಗ್ಗಾಯಿತು, ಜೊತೆಗೇ ಏನೋ ಖಾಲಿಯಾದಂತೆಯೂ ಆಯಿತು.

"ನೀವು ಮೊದಲು ಹೇಳಿ ಮಾವ" ಎಂದಳು. "ಸರಿಯೋ ತಪ್ಪೋ, ನಾನು ನೋಡ್ಕೋತೀನಿ."

ಮಾವ ಗಂಟಲು ಸರಿಪಡಿಸಿಕೊಂಡು, ಟ್ಯಾಂಕಿನ ಅಂಚೇ ಒಡೆದಿರಬೇಕು ಎಂದು ಶುರುಮಾಡಿದರು.