ಟವೆಲ್ ಹಾಕಿದ ಸೀಟು

ಕೊಟ್ಟೂರಿನ ನಮ್ಮ ಕಾಲೇಜಿನಲ್ಲಿ ನೀತಿಶಾಸ್ತ್ರದ ಪರಿಚಯವನ್ನು ನಾನು ಮೊದಮೊದಲು ಬ್ರೇಕ್ ತಪ್ಪಿದ ರೈಲಿನ ಉದಾಹರಣೆಯಿಂದ ಶುರು ಮಾಡುತ್ತಿದ್ದೆ. ಒಂದು ಹಳಿಯ ಮೇಲೆ ಐವರು, ಇನ್ನೊಂದರ ಮೇಲೆ ಒಬ್ಬ. ರೈಲನ್ನು ಆ ಒಬ್ಬನ ಕಡೆ ತಿರುಗಿಸುವುದು ಸರಿಯೇ? ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಅಷ್ಟು ಮಂದಿ ಹಳಿ ಮ್ಯಾಲೆ ಯಾಕ ಕುಂತಾರ್ರಿ ಮೇಡಂ? ಅವರಿಗೆ ಸಪ್ಪಳ ಕೇಳಂಗಿಲ್ಲೇನು?" ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಮರುದಿನ ರೈಲನ್ನು ಬಿಟ್ಟು ಬಸ್ಸನ್ನು ಹಿಡಿದೆ.

ನಮ್ಮ ಕಡೆ ಬಸ್ಸು ನಿಲ್ದಾಣಕ್ಕೆ ಬಂದು ನಿಲ್ಲುವ ಮೊದಲೇ ಜನ ಕಿಟಕಿಯಿಂದ ಟವೆಲ್ಲನ್ನೋ ಕರ್ಚೀಫನ್ನೋ ಸೀಟಿನ ಮೇಲೆ ಎಸೆಯುತ್ತಾರೆ. ಎಸೆದವರದ್ದು ಆ ಸೀಟು. ಇದನ್ನು ಯಾವ ಕಾನೂನೂ ಹೇಳುವುದಿಲ್ಲ, ಆದರೂ ಎಲ್ಲರೂ ಪಾಲಿಸುತ್ತಾರೆ. ಟವೆಲ್ಲಿಗೆ ಹಕ್ಕಿದೆಯೇ ಎಂದು ಕೇಳಿದೆ. ಕಾಲೇಜಿನ ಅರ್ಧಕ್ಕರ್ಧ ಮಕ್ಕಳು ಬಸ್ಸಿನಲ್ಲೇ ಬರುವವರು, ತರಗತಿ ಸಂತೆಯಂತಾಯಿತು. ಹೆಚ್ಚು ಕಷ್ಟದಲ್ಲಿರುವವರಿಗೆ ಸೀಟು ಸಿಗಬೇಕು, ಹಾಗಾದರೆ ಒಟ್ಟು ನೋವು ಕಡಿಮೆ ಎಂದು ಕೆಲವರು ವಾದಿಸಿದರು. ಅದು ಫಲವನ್ನು ನೋಡುವ ಸಿದ್ಧಾಂತ ಎಂದು ಬೋರ್ಡಿನ ಮೇಲೆ ಬರೆದೆ. ಹರಪನಹಳ್ಳಿಯ ಆಚೆಯ ಹಲವಾಗಲು ಎಂಬ ಹಳ್ಳಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಒಪ್ಪಲಿಲ್ಲ. ಇವತ್ತು ನಾನು ಇನ್ನೊಬ್ಬರ ಟವೆಲ್ ಎತ್ತಿಟ್ಟರೆ ನಾಳೆ ನನ್ನದನ್ನೂ ಎತ್ತುತ್ತಾರೆ, ಎಲ್ಲರೂ ಎತ್ತತೊಡಗಿದರೆ ಟವೆಲ್ ಬರೀ ಬಟ್ಟೆ ಎಂದಳು. ಕರ್ತವ್ಯದ ಸಿದ್ಧಾಂತವನ್ನು ನಾನು ಅದಕ್ಕಿಂತ ಚೆನ್ನಾಗಿ ವಿವರಿಸಿದ ನೆನಪಿಲ್ಲ. ಸದ್ಗುಣದ ಪಾಠಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು.

ಕೆಲವು ವಾರಗಳ ನಂತರ, ಕಿರು ಪರೀಕ್ಷೆ ಮುಗಿದು ಉತ್ತರಪತ್ರಿಕೆಗಳು ಇನ್ನೂ ನನ್ನ ಮನೆಯಲ್ಲಿದ್ದಾಗ, ಅಪ್ಪನನ್ನು ಕರೆತರಲು ಹರಪನಹಳ್ಳಿಗೆ ಹೋದೆ. ಮೊಣಕಾಲಿನ ಆಪರೇಷನ್ ಆಗಿ ಅಕ್ಕನ ಮನೆಯಲ್ಲಿದ್ದರು. ನಿಲ್ದಾಣದಲ್ಲಿ ಕೊಟ್ಟೂರಿನ ಬೋರ್ಡಿದ್ದ ಬಸ್ಸನ್ನು ಕಂಡವಳೇ ಅಪ್ಪನ ಹೆಗಲ ಮೇಲಿನ ಟವೆಲ್ ಸೆಳೆದು ಕಿಟಕಿಯೊಳಗೆ ಎಸೆದೆ. ಅವರನ್ನು ನಿಧಾನವಾಗಿ ನಡೆಸಿಕೊಂಡು ಬಾಗಿಲಿನ ಹತ್ತಿರ ಹೋಗುವಷ್ಟರಲ್ಲಿ ಕಂಡಕ್ಟರ್ ಬೋರ್ಡು ತಿರುಗಿಸಿದ್ದ. ಅಪ್ಪನ ಟವೆಲ್ ಸೀಟಿನಲ್ಲಿ ಆರಾಮಾಗಿ ಕೂತು ಹಡಗಲಿಗೆ ಹೋಯಿತು.

"ನನಗಿಂತ ಅದಽ ಛಲೋ ಊರು ನೋಡತೈತಿ ಬಿಡು," ಎಂದರು ಅಪ್ಪ.

ಮುಂದಿನ ಬಸ್ಸಿಗೆ ಹಾಕಲು ನಮ್ಮ ಬಳಿ ಏನೂ ಉಳಿದಿರಲಿಲ್ಲ. ಹತ್ತಿದಾಗ ಸೀಟುಗಳೆಲ್ಲ ತುಂಬಿದ್ದವು, ಹಿರಿಯರಿಗೆಂದು ಬಿಟ್ಟಿದ್ದರಲ್ಲೂ ಹಿರಿಯರೇ ಕೂತಿದ್ದರು. ಅಪ್ಪ ಕಂಬಿ ಹಿಡಿದು ನಿಂತರು. ಡಾಕ್ಟರು ಹೆಚ್ಚು ಹೊತ್ತು ನಿಲ್ಲಬೇಡಿ ಎಂದಿದ್ದರು. ಆಗ ಮಧ್ಯದ ಸೀಟಿನಿಂದ "ಮೇಡಂ" ಎಂಬ ದನಿ ಕೇಳಿತು. ಹಲವಾಗಲಿನ ಅದೇ ಹುಡುಗಿ, ವೇಲು ಹಾಕಿ ಹಿಡಿದ ಸೀಟಿನಲ್ಲಿ ಕೂತಿದ್ದಳು.

ಅವಳು ನಮ್ಮನ್ನು ಕಂಡ ಕೂಡಲೇ ಎದ್ದಳು ಎಂದು ಅಂದಿನ ನನ್ನ ದಿನಚರಿಯಲ್ಲಿದೆ. ಅಪ್ಪ ಇದನ್ನು ಒಪ್ಪುವುದಿಲ್ಲ. ಬಸ್ಸು ಊರು ದಾಟುವ ತನಕ ಅವಳು ಕೂತೇ ಇದ್ದಳು, ಅಪ್ಪನ ಕಾಲನ್ನೂ ತನ್ನ ಕೈಯಲ್ಲಿದ್ದ ವೇಲನ್ನೂ ನೋಡುತ್ತಿದ್ದಳು ಎನ್ನುತ್ತಾರೆ. ನಾನು ಬರೆದಿಟ್ಟದ್ದರಲ್ಲಿ ನನಗೆ ಬೇಕಾದ ವಿದ್ಯಾರ್ಥಿನಿ ಇದ್ದಾಳೆಂಬ ಅನುಮಾನ ನನಗೂ ಇದೆ. ಈಗೀಗ ಅಪ್ಪನ ನೆನಪೇ ನನಗೆ ಹೆಚ್ಚು ಇಷ್ಟ.

ಅವಳು ಎದ್ದಾಗ ಅಪ್ಪ ಕೂರಲಿಲ್ಲ. ಮುಂಚೆ ವೇಲು ಹಾಕಿದವಳು ಅವಳೇ, ಅವಳೇ ಕೂರಬೇಕು ಎಂದರು. "ಹಾಕಿದಾಕಿ ನಾನು ಅಂದಮ್ಯಾಲೆ ಕೊಡಾಕಿನೂ ನಾನಽ ಅಲ್ಲೇನ್ರಿ ಅಜ್ಜಾರ? ಕುಂದ್ರಿ," ಎಂದು ಅವಳು ಅವರ ತೋಳು ಹಿಡಿದು ಕೂರಿಸಿದಳು. ಹಿಂದೆ ನಿಂತಿದ್ದ ಹೆಂಗಸೊಬ್ಬರು ಪಕ್ಕದವರಿಗೆ ಹೇಳಿದ್ದು ನಮಗೆಲ್ಲ ಕೇಳುವಂತಿತ್ತು: "ಮೇಡಂ ಅವರ ಅಪ್ಪ ಅಂತ ಎದ್ದಾಳ. ನಮ್ಮಪ್ಪ ಆಗಿದ್ದರ ಏಳ್ತಿದ್ದಳೇನು?"

ಒಂದಿಬ್ಬರು ನಕ್ಕರು. ಹುಡುಗಿ ಕೊಟ್ಟೂರಿನವರೆಗೂ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು.

ಮರುದಿನ ಸ್ಟಾಫ್ ರೂಮಿಗೆ ಬಂದಳು. ಎಂ.ಎ.ಗೆ ತತ್ವಶಾಸ್ತ್ರವನ್ನೇ ತೆಗೆದುಕೊಳ್ಳುವ ಆಸೆ ಅವಳಿಗಿತ್ತು, ಅಲ್ಲಿ ಸೀಟು ಸಿಗಲು ಕಿರು ಪರೀಕ್ಷೆಯ ಒಂದೊಂದು ಅಂಕವೂ ಬೇಕಿತ್ತು. ಅದು ನನಗೆ ಗೊತ್ತಿತ್ತು. ಅವಳು ಕೇಳಿದ್ದೇ ಬೇರೆ.

"ನನ್ನ ಪೇಪರ್ ನೀವು ನೋಡಬ್ಯಾಡ್ರಿ ಮೇಡಂ. ಬೇರೆಯವರಿಗೆ ಕೊಡ್ರಿ."

ಬಸ್ಸಿನ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ, ನಾನು ಪಕ್ಷಪಾತ ಮಾಡುವವಳಲ್ಲ ಎಂದೆ. ಸ್ವಲ್ಪ ಬೇಸರದಿಂದಲೇ ಹೇಳಿದೆನೇನೋ.

"ನಿಮ್ಮ ಮ್ಯಾಲೆ ನಂಬಿಕಿ ಐತ್ರಿ. ಆದ್ರ ಬಸ್ಸಿನ್ಯಾಗ ಆ ಅಕ್ಕ ಅಂದಿದ್ದು ಖರೇನೋ ಸುಳ್ಳೋ ನನಗಽ ಗೊತ್ತಿಲ್ಲ. ನೀವು ಛಲೋ ಮಾರ್ಕ್ಸ್ ಕೊಟ್ರ, ಅದು ಉತ್ತರಕ್ಕೋ ಅಜ್ಜಾರಿಗೆ ಬಿಟ್ಟ ಸೀಟಿಗೋ ಅಂತ ನಾನು ಯೋಚಿಸ್ಕೋತ ಕುಂದ್ರತೀನ್ರಿ."

ಏಕೆ ಎದ್ದೆ ಎಂಬ ಪ್ರಶ್ನೆಯನ್ನು ಅವಳು ತನಗೇ ಹಾಕಿಕೊಂಡಿದ್ದಳು. ನಾನು ಅದನ್ನೇ, ಒಳ್ಳೆಯ ಕೆಲಸದ ಹಿಂದಿನ ಉದ್ದೇಶವೇನು ಎಂದು, ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದು ಒರೆಸಿದ್ದೇನೆ.

ನಮ್ಮ ವಿಭಾಗದಲ್ಲಿ ಇನ್ನೊಬ್ಬರೇ ಇದ್ದುದು, ಅಂಕ ಕೊಡುವುದರಲ್ಲಿ ಕೈ ಬಿಗಿ ಎಂದು ಹೆಸರಾದ ಹಿರಿಯ ಸಹೋದ್ಯೋಗಿ. ಅದು ಅವಳಿಗೂ ಗೊತ್ತಿತ್ತು. ಎಲ್ಲರ ಹೆಸರು ಮುಚ್ಚಿ ಇಡೀ ತರಗತಿಯ ಪತ್ರಿಕೆಗಳನ್ನು ಅವರಿಗೇ ಕೊಟ್ಟೆ, ಇಲ್ಲದಿದ್ದರೆ ಅವಳೊಬ್ಬಳಿಗೇ ಬಿಗಿಯಾದಂತಾಗುತ್ತಿತ್ತು. ನನ್ನ ಕೆಲಸ ತಮ್ಮ ತಲೆಗೆ ಬಿತ್ತೆಂದು ಅವರು ಒಂದು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಫಲಿತಾಂಶದ ದಿನ ಅವಳ ಪತ್ರಿಕೆಯನ್ನು ಓದಿದೆ. ನಾನಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದ ಉತ್ತರವೊಂದಕ್ಕೆ ಅವರು ಅರ್ಧ ಕೊಟ್ಟಿದ್ದರು. ಪೂರ್ತಿ ಕೊಡುತ್ತಿದ್ದದ್ದು ಉತ್ತರ ಚೆನ್ನಾಗಿದ್ದುದಕ್ಕೋ, ಅಪ್ಪ ಕೂತು ಬಂದದ್ದಕ್ಕೋ? ಆಗಲೂ ತಿಳಿಯಲಿಲ್ಲ, ಈಗಲೂ ಖಚಿತವಿಲ್ಲ. ಪತ್ರಿಕೆಯನ್ನು ಹಾಗೆಯೇ ಅವಳ ಕೈಗೆ ಕೊಟ್ಟೆ.

ಅಂಕ ಕಂಡಾಗ ಅವಳ ಮುಖ ಇಳಿಯಿತು. ಹಾಳೆ ತಿರುವಿ ಆ ಉತ್ತರವನ್ನು ಓದಿಕೊಂಡಳು. ಒಂದು ಮಾತು ಕೇಳಿದ್ದರೂ ನಾನು ಅವಳ ಪರವಾಗಿ ಎದ್ದುಬಿಡುತ್ತಿದ್ದೆ ಎಂದು ಕಾಣುತ್ತದೆ. ಅವಳು ಕೇಳಲಿಲ್ಲ. ನನ್ನ ಮೇಜನ್ನು ದಾಟಿ ನೇರವಾಗಿ ಸಹೋದ್ಯೋಗಿಯ ಬಳಿ ಹೋಗಿ ನಿಂತು, "ಇಲ್ಲಿ ಏನು ತಪ್ಪೈತಿ ಅಂತ ಹೇಳ್ರಿ ಸರ್, ತಿಳ್ಕೊಂತೀನಿ," ಎಂದಳು. ಅವರು ಕನ್ನಡಕ ಹಾಕಿಕೊಂಡು ಓದತೊಡಗಿದರು. ನಾನು ನನ್ನ ಜಾಗದಲ್ಲೇ ಕೂತು, ಇವಳು ನನ್ನ ವಿದ್ಯಾರ್ಥಿನಿ ಎಂದು ಅಲ್ಲಿದ್ದವರಿಗೆಲ್ಲ ಹೇಳಬೇಕೆನ್ನಿಸಿದರೂ ಸುಮ್ಮನಿದ್ದೆ.