ಮೂರನೇ ಆಲ್ಬಮ್ಮಿನ ಕೆಳಗ ನಮ್ಮಪ್ಪನ ದನಿ

ಮೊನ್ನಿ ಮುಧೋಳ ಬಸ್ ಸ್ಟ್ಯಾಂಡಿನ್ಯಾಗ ಜಮಖಂಡಿ ಬಸ್ಸಿಗೆ ನಿಂತಿದ್ದೆ. ಮುಂದ ಒಬ್ಬ ಹೊಟ್ಟಿ ಬಂದ ಗಂಡಸು, ಮೈಮ್ಯಾಲ ಕರೇ ಟೀ ಶರ್ಟು. ಅದರ ಮ್ಯಾಲ ಜಾಲಿ ಬೇರಿನಂಗ ಹೆಣಕೊಂಡ ಬಿಳಿ ಅಕ್ಷರ. ಯಾರಿಗೂ ಓದಾಕ ಬರೂಹಂಗಿರಲಿಲ್ಲ, ನಾ ಓದಿದೆ. ಓದಿ ಮಾರಿ ಆಕಡೆ ತಿರುವಿದೆ. ಅದು ಗಂಟಲ ಹರಕೊಂಡು ಒದರೂ ಅಮೇರಿಕಾದ ಒಂದು ಡೆತ್ ಮೆಟಲ್ ಬ್ಯಾಂಡಿನ ಹೆಸರು. ಇಲ್ಲೆ ಬರಿಯೂದಿಲ್ಲ, ನನ್ನ ಕೈಲೆ ಅದಕ್ಕ ಅಷ್ಟು ಮರ್ಯಾದಿ ಬ್ಯಾಡ. ಆ ಅಕ್ಷರ ಓದಾಕ ಕಲಿಸಿದಾಂವ ಬನಹಟ್ಟಿಯ ಕ್ಯಾಸೆಟ್ ಅಂಗಡಿ ಅಣ್ಣ...

ಆಗ ನಾವು ಅವನ ಅಂಗಡಿ ಹಿಂದಿನ ಓಣ್ಯಾಗ ಇದ್ವಿ. ಮಂದಿ ತಮ್ಮ ಹಳೇ ಕ್ಯಾಸೆಟ್ ಒಯ್ದು ಕೊಟ್ರ ಅದರ ಮ್ಯಾಲ ಬೇಕಾದ ಹಾಡು ತುಂಬಿ ಕೊಡತಿದ್ದ. ಊರಿಗೆ ಭಜನಿ, ಸಿನಿಮಾ ಹಾಡು. ತನಗ ಮಾತ್ರ ಆ ಒದರಾಟ. ಇಚಲಕರಂಜಿಗೆ ಮನಿಯಾನ ಮಗ್ಗದ ಸಾಮಾನು ತರಾಕ ಹೋದಾಗ ಯಾರೋ ಪುಣ್ಯಾತ್ಮ ಕೇಳಿಸಿದನಂತ, ಹುಚ್ಚು ಹತ್ತಿಬಿಟ್ಟಿತು. "ಮಗ್ಗದ ಸಪ್ಪಳ ಮೀರಿ ಕೇಳೂ ಹಾಡು ಜಗತ್ತಿನ್ಯಾಗ ಇದೊಂದ ಬೇ" ಅಂತಿದ್ದ. ಹಾಡಂತ ಹಾಡು! ಈಯಾಕ ಬಂದ ಎಮ್ಮಿ ಸುದ್ದಾ ಅದಕ್ಕಿಂತ ಹದದಾಗ ಒದರತೈತಿ.

ಹಾಲು ತರಾಕ ಹೊಂಟವರನ್ನೂ ನಿಲ್ಲಿಸಿ ಆ ಬ್ಯಾಂಡಿನ ಪುರಾಣ ಹೇಳಾಂವ. ಸಾಲಿ ಬಿಟ್ಟ ನಾಲ್ಕು ಮಂದಿ ಕೂಡಿ ಗ್ಯಾರೇಜಿನ್ಯಾಗ ಸುರು ಮಾಡಿದ್ದು, ಮೊದಲನೇ ಆಲ್ಬಮ್ಮು ಹಸಿಬಿಸಿ ಆದದ್ದು, ಎರಡನೇದರಾಗ ಡ್ರಮ್ಮಿನಾಂವ ಎರಡೂ ಕಾಲಿಲೆ ಬಡದದ್ದು, ನಾಲ್ಕನೇದಕ್ಕ ದೊಡ್ಡ ಕಂಪನಿ ಬಂದು ಕೆಡಿಸಿದ್ದು... ಮೂರನೇದು ಎಲ್ಲಾದಕ್ಕೂ ಮಿಗಿಲಂತ. ಅದನ್ನ ಆಂವ ಪತ್ರಿಕಿಯಾಗ ಓದಿದ್ದಷ್ಟ, ಕೇಳಿರಲಿಲ್ಲ. "ಮೂರನೇದು ಒಮ್ಮಿ ಸಿಗಲಿ" ಅಂತ ಹರಕಿ ಹೊತ್ತವರಂಗ ಕುಂತಿರತಿದ್ದ.

ನಮ್ಮಪ್ಪ ಬೀರಪ್ಪನ ಡೊಳ್ಳಿನ ಪದ ಹಾಡಾಂವ. ಅಪ್ಪನ್ನ ಅಂಗಡಿಯಾಗ ಕುಂದ್ರಿಸಿ ಒಂದು ಕ್ಯಾಸೆಟ್ ತುಂಬಿದಾಂವ ಇದೇ ಅಣ್ಣ. ಖರೆ ಹೇಳತೇನಿ, ಅದೊಂದು ಛಲೋ ಕೆಲಸ ಮಾಡಿದ್ದ. ಕ್ಯಾಸೆಟ್ಟಿನ ಬೆನ್ನಿಗೆ ಸಣ್ಣ ಪ್ಲಾಸ್ಟಿಕ್ ಎಲಿ ಇರತಿತ್ತು, ಅದನ್ನ ಮುರದ್ರ ಅದರ ಮ್ಯಾಲ ಮತ್ತೇನೂ ತುಂಬಾಕ ಬರತಿರಲಿಲ್ಲ. ಅಣ್ಣ ಸ್ಕ್ರೂಡ್ರೈವರ್ ತಗೊಂಡ. ಅಪ್ಪ ಅವನ ಕೈ ಹಿಡದ.

"ಏ ತಮ್ಮಾ, ದೇವರ ಪದ ಅದಾವ ಅದರಾಗ. ಏನೂ ಮುರೀಬ್ಯಾಡ."

ನಮ್ಮಲ್ಲೆ ಬೀರಪ್ಪನ ಸಾಮಾನಿಗೆ ಊನ ಮಾಡೂದಿಲ್ಲ. ಡೊಳ್ಳು ಇರಲಿ, ಕಂಬಳಿ ಇರಲಿ. ಅಪ್ಪಗ ಕ್ಯಾಸೆಟ್ಟೂ ಆ ಲೆಕ್ಕಕ್ಕ ಬಂತು. ಎಲಿ ಹಂಗ ಉಳೀತು.

ಅಪ್ಪ ತೀರಿಕೊಂಡ ಮ್ಯಾಲ ಅವ್ವ ದಿನಾ ಹಚ್ಚಿ ಹಚ್ಚಿ ಟೇಪ್ ಸಿಕ್ಕಾಗಿಬಿಟ್ಟಿತು. ರಿಪೇರಿಗೆ ಅಣ್ಣನ ಕಡೆ ಕೊಟ್ಟೆ. ತಿರುಗಿ ತಂದು ಅವ್ವನ ಮುಂದಿಟ್ಟು ಗುಂಡಿ ಒತ್ತಿದೆ. ಗರ್ರ್ ಅಂತ ಒದರಾಟ! ಅವ್ವ ಕೈಯಾಗಿನ ನೂಲು ಬಿಟ್ಟು, "ಇದ್ಯಾರ ದನಿ ಬೇ? ನಿಮ್ಮಪ್ಪೆಲ್ಲೆ?" ಅಂದಳು.

ಓಡಿ ಹೋದೆ. ಅವನ ಮಾರಿ ನೋಡಬೇಕಿತ್ತು, ಹಬ್ಬದ ಕಳಿ! "ಮೂರನೇದು ಸಿಕ್ಕಿತ್ತು ಬೇ, ಒಂದ ಮಧ್ಯಾಹ್ನದ ಮಟ್ಟಿಗೆ. ಖಾಲಿ ಕ್ಯಾಸೆಟ್ ಇರಲಿಲ್ಲ, ನಿಮ್ಮದರ ಮ್ಯಾಲ ತುಂಬಿ ಆಮ್ಯಾಲ ನನ್ನದಕ್ಕ ಇಳಿಸಿಕೊಂಡೆ. ಅದರ ಎಲಿ ಮುರದಿರಲಿಲ್ಲಲಾ, ಬ್ಯಾಡಾದ್ದಂತ ತಿಳದೆ" ಅಂದ. ತಿಳದನಂತ! ತಾನ ಕುಂದ್ರಿಸಿ ಹಾಡಿಸಿದ್ದು ಮರತನಂತ! "ನಿನ್ನ ಹೆಣಾ ಎತ್ತಲಿ" ಅಂದೆ. ಓಣಿ ಮಂದಿ ಹೊರಗ ಬಂದು ನಿಂತು ಕೇಳುವಷ್ಟು ಬೈದೆ. ಆಂವ ತಲಿ ತಗ್ಗಿಸಿದ ಖರೆ, ಆದರ ಒಳಗ ಆ ಮೂರನೇದು ಹಚ್ಚೇ ಇತ್ತು.

ಒದರಾಟ ಮುಗದ ಮ್ಯಾಲ, ಎರಡನೇ ಮಗ್ಗಲಿನ ಕಡೀಗೆ ಅಪ್ಪನ ಎರಡು ಸಾಲು ಉಳದಿದ್ವು. ಅವ್ವ ಇರೂತನಕ ಅವನ್ನ ಕೇಳಿದಳು.

ಮುಂದ ಕೆಲವು ವರ್ಷಕ್ಕ ಆ ಬ್ಯಾಂಡಿನ ಹಾಡಾಂವ ಸತ್ತ. ಅಣ್ಣ ಅಂಗಡಿ ಬಾಗಿಲ ಅರ್ಧಾ ಎಳಕೊಂಡು ಕುಂತು ಅಳಾಕತ್ತಿದ್ದ. ನನ್ನ ನೋಡಿ, "ಬ್ಯಾಂಡ್ ಮುರೀತು ಬೇ. ಆ ದನಿ ಮತ್ತ ಬರೂದಿಲ್ಲ" ಅಂದ. ಎಷ್ಟು ದಿನದಿಂದ ಕಾದಿದ್ದೆನೋ ಏನೋ... "ಅವನ ಆಲ್ಬಮ್ ಐದಾರು ಅದಾವಲ್ಲೋ ಅಣ್ಣಾ. ನಮ್ಮಪ್ಪಂದು ಒಂದ ಇತ್ತು" ಅಂದೆ. ಆಂವ ಮತ್ತ ನನ್ನ ಕೂಡ ಮಾತಾಡಲಿಲ್ಲ. ನನಗೂ ಬೇಕಾಗಿರಲಿಲ್ಲ. ಬ್ಯಾಂಡಿನವರು ಬ್ಯಾರೆ ಹಾಡಾಂವನ್ನ ಹಿಡಕೊಂಡು ಮತ್ತ ಕೂಡಿದರಂತ, ಆಲ್ಬಮ್ಮೂ ಮಾಡಿದರಂತ. ಮಾಡ್ಯಾರು, ಅವರಿಗೇನು.

ಕಡೀಗೆ ಅಣ್ಣಗ ಲಕ್ವಾ ಹೊಡದು ಮಾತ ನಿಂತಿತು. ಫೋನಿನ್ಯಾಗ ದನಿ ಹಿಡಿಯೂ ಕಾಲ ಬರೂದ್ರೊಳಗ ಮಲಗಿಬಿಟ್ಟಿದ್ದ. ಹ್ವಾದ ವರ್ಷ ಹೋದ. ದಿನಕರ್ಮ ಮುಗದ ಮ್ಯಾಲ ಅವನ ಹೆಂಡತಿ ರಬಕವ್ಯಾಗ ನಾವೀಗ ಇರೂ ಮನಿ ಹುಡಿಕ್ಕೊಂಡು ಬಂದಳು.

"ಅಕ್ಕಾರ, ಊರ ಮಂದಿ ದನೀನೆಲ್ಲಾ ತುಂಬಿದ್ರು, ತಮ್ಮದೊಂದು ತುಂಬಲಿಲ್ಲ. ನಾ ಮರಿಯಾಕತ್ತೇನ್ರಿ. ನಿಮ್ಮ ಹತ್ರ ಏನರ ಐತೇನು?"

ಇಲ್ಲ ಅನ್ನಾಕ ಬಾಯಿ ತಗದೆ. ಇತ್ತು. ಅಪ್ಪನ ಎರಡು ಸಾಲು ಮುಗದ ಕೂಡಲೆ ಅಣ್ಣನ ದನಿ ಇತ್ತು. ಇಷ್ಟು ವರ್ಷ ಅದನ್ನ ಕೇಳಬಾರದಂತ ಅಲ್ಲಿಗೇ ಗುಂಡಿ ಒತ್ತಿ ಬಂದ್ ಮಾಡತಿದ್ದೆ. ಟೇಪ್ ತಂದು ಹಚ್ಚಿದೆ. ಅಪ್ಪ ಹಾಡಿದ. ಗುಂಡಿ ಒತ್ತಲಿಲ್ಲ.

"ಸಾಕ್ರಿ ಕಾಕಾ, ಟೇಪ್ ಮುಗೀತು. ಭಾಳ ಛಲೋ ಹಾಡಿದ್ರಿ."

ಆಕಿ ಸೆರಗು ಬಾಯಿಗೆ ಒತ್ತಿಕೊಂಡಳು. ಆಮ್ಯಾಲ ಫೋನ್ ತಗದು, "ಇನ್ನೊಮ್ಮಿ ಹಚ್ಚರಿ, ಬರೇ ಅವರದಷ್ಟ" ಅಂದಳು.

"ನಮ್ಮಪ್ಪನ್ನ ಬಿಟ್ಟು ಬರೂದಿಲ್ಲ ಅದು" ಅಂದೆ.

ಸುಳ್ಳು ಹೇಳಿದೆ, ಬರತಿತ್ತು. ಆಕಿ ಎರಡೂ ಕೂಡೇ ಫೋನಿನ್ಯಾಗ ಹಿಡಕೊಂಡು ಹ್ವಾದಳು, ಈಗ ಬನಹಟ್ಟ್ಯಾಗ ದಿನಾ ಹಚ್ಚತಾಳಂತ. ತನ್ನ ಗಂಡನ್ನ ಕೇಳಬೇಕಂದ್ರ ಮೊದಲ ನಮ್ಮಪ್ಪನ್ನ ಕೇಳಬೇಕು ಆಕಿ. ಕೇಳಲಿ. ಅಪ್ಪ ಹಾಡಿದ್ದು ಕ್ಯಾಸೆಟ್ಟಿನ ತುಂಬ, ಉಳದದ್ದು ಎರಡು ಸಾಲು. ನನ್ನ ಸಿಟ್ಟು ಇನ್ನೂ ಹೋಗಿಲ್ಲ.